ದುಬಾರಿ ಪಿಚರ್ ಕೈಕೊಟ್ಟಾಗ: ತಂಡದಿಂದ ಬಿಡುವ ಮುನ್ನ ನಡೆಸಬೇಕಾದ ತಪಾಸಣೆ

ದೋಷದ ಲಕ್ಷಣ

ಉತ್ತರ ಅಮೆರಿಕದ ಅತ್ಯುನ್ನತ ವೃತ್ತಿಪರ ಲೀಗ್ ಆದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಪ್ರತಿ ತಂಡವೂ ಋತುವೊಂದಕ್ಕೆ 162 ಪಂದ್ಯಗಳನ್ನು ಆಡುತ್ತದೆ. ಅವುಗಳನ್ನು ಸಾಮಾನ್ಯವಾಗಿ ಐವರು ಪಿಚರ್‌ಗಳು, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವರು, ಸರದಿಯ ಮೇಲೆ ಆರಂಭಿಸುತ್ತಾರೆ. ಹೀಗಾಗಿ ಆರಂಭಿಕ ಪಿಚರ್ ಒಬ್ಬರ ಆಟ ಕೆಟ್ಟರೆ ನಷ್ಟವು ಒಂದು ಪಂದ್ಯಕ್ಕೆ ನಿಲ್ಲದೆ ಪ್ರತಿ ಐದನೆಯ ದಿನವೂ ಮರುಕಳಿಸುತ್ತದೆ. ಕ್ರಿಕೆಟ್‌ನಲ್ಲಿ ಬೌಲರ್ ಹೊಡೆಸಿಕೊಂಡರೆ ನಾಯಕ ಎರಡು ಓವರ್‌ಗಳಿಗೇ ಅವರನ್ನು ನಿಲ್ಲಿಸಿ ಕೊನೆಯಲ್ಲಿ ಮತ್ತೆ ಕರೆಯಬಹುದು. ಇಲ್ಲಿ ಒಮ್ಮೆ ಹೊರಗೆ ಹೋದ ಆಟಗಾರ ಆ ಪಂದ್ಯಕ್ಕೆ ಮರಳುವಂತಿಲ್ಲ, ಮೂರನೆಯ ಇನ್ನಿಂಗ್ಸ್‌ನಲ್ಲೇ ಆರಂಭಿಕ ಪಿಚರ್‌ನನ್ನು ಕಳೆದುಕೊಂಡ ತಂಡ ಉಳಿದ ಆರು ಇನ್ನಿಂಗ್ಸ್‌ಗಳನ್ನು ಬುಲ್‌ಪೆನ್‌ನಿಂದಲೇ, ಅಂದರೆ ಬದಲಿ ಪಿಚರ್‌ಗಳ ಬಳಗದಿಂದಲೇ, ಹೊಂದಿಸಬೇಕು, ಅದರ ಆಯಾಸವನ್ನು ಮುಂದಿನ ಎರಡು ದಿನಗಳ ಪಂದ್ಯಗಳಲ್ಲೂ ಹೊರಬೇಕು.

ಈ ಕೈಪಿಡಿಯಲ್ಲಿ ಪರಿಶೀಲಿಸುವ ದೋಷ ಇದರ ಒಂದು ನಿರ್ದಿಷ್ಟ ರೂಪ. ಪಿಚರ್ ಕೆಟ್ಟಿದ್ದಾನೆ, ಆದರೆ ಆತನ ಕರಾರು ದೊಡ್ಡದು, ಇನ್ನೂ ಕೆಲವು ವರ್ಷ ಬಾಕಿ ಇದೆ, ಮತ್ತು ಆ ಕರಾರಿನ ಭಾರಕ್ಕೇ ತಂಡದ ಆಡಳಿತ ನಿರ್ಧಾರವನ್ನು ಮುಂದೂಡುತ್ತಿದೆ. ಇದಕ್ಕೆ ಅರಿಝೋನಾ ಡೈಮಂಡ್‌ಬ್ಯಾಕ್ಸ್ ತಂಡದ ಮ್ಯಾಡಿಸನ್ ಬಮ್‌ಗಾರ್ನರ್ ಪ್ರಕರಣಕ್ಕಿಂತ ಸ್ಪಷ್ಟವಾದ ಮಾದರಿ ಸಿಗುವುದು ಕಷ್ಟ. 2014ರ ವರ್ಲ್ಡ್ ಸೀರೀಸ್‌ನಲ್ಲಿ, ಅಂದರೆ ಚಾಂಪಿಯನ್ ಪಟ್ಟದ ಅಂತಿಮ ಸರಣಿಯಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಪರವಾಗಿ 21 ಇನ್ನಿಂಗ್ಸ್ ಎಸೆದು ಒಂದೇ ಒಂದು ರನ್ ಕೊಟ್ಟ, ಏಳನೆಯ ಪಂದ್ಯದಲ್ಲಿ ಎರಡೇ ದಿನಗಳ ವಿಶ್ರಾಂತಿಯ ನಂತರ ಬಂದು ಐದು ಇನ್ನಿಂಗ್ಸ್ ಶೂನ್ಯಕ್ಕೆ ಮುಗಿಸಿದ ಎಡಗೈ ಪಿಚರ್ ಅವರು. 2019ರ ಡಿಸೆಂಬರ್‌ನಲ್ಲಿ, ಮೂವತ್ತು ತುಂಬಿದ ಮೇಲೆ, ಅರಿಝೋನಾ ಅವರಿಗೆ ಐದು ವರ್ಷಗಳಿಗೆ 8.5 ಕೋಟಿ ಡಾಲರ್‌ಗಳ ಕರಾರು ಕೊಟ್ಟಿತು. 2023ರ ಏಪ್ರಿಲ್ 20ರಂದು, ಆ ಋತುವಿನಲ್ಲಿ ಅವರು ಆರಂಭಿಸಿದ ನಾಲ್ಕನೆಯ ಪಂದ್ಯದ ಮರುದಿನವೇ, ತಂಡ ಅವರನ್ನು ಪಟ್ಟಿಯಿಂದ ತೆಗೆಯಿತು. ಆಗ ಬಾಕಿ ಉಳಿದಿದ್ದ ಸಂಬಳ ಸುಮಾರು 3.4 ಕೋಟಿ ಡಾಲರ್.

ಮೊದಲ ಪರೀಕ್ಷೆ: ಅಂಕಿಗಳು ನಿಜ ಹೇಳುತ್ತಿವೆಯೇ

ಪಿಚರ್ ಕೆಟ್ಟಿದ್ದಾನೆ ಎಂಬ ದೂರು ಬರುವುದು ಬಹುತೇಕ ಇಆರ್‌ಎ ಎಂಬ ಅಂಕಿಯಿಂದ, ಅಂದರೆ ಒಂಬತ್ತು ಇನ್ನಿಂಗ್ಸ್‌ಗೆ ಆತ ಸರಾಸರಿ ಎಷ್ಟು ರನ್ ಕೊಟ್ಟ ಎಂಬ ಲೆಕ್ಕದಿಂದ. ಕ್ಷೇತ್ರರಕ್ಷಕರ ತಪ್ಪಿನಿಂದ ಬಂದ ರನ್‌ಗಳನ್ನು ಅದರಿಂದ ಹೊರಗಿಡುತ್ತಾರಾದರೂ, ಕೈಗೆಟುಕದೆ ಹೋದ ಚೆಂಡು, ಗಾಳಿಗೆ ಗೋಡೆ ದಾಟಿದ ಚೆಂಡು, ಬದಲಿಯಾಗಿ ಬಂದವರು ಬಿಟ್ಟ ರನ್, ಇವೆಲ್ಲ ಅದೇ ಅಂಕಿಯೊಳಗೆ ಸೇರಿಕೊಂಡಿರುತ್ತವೆ. ಆದ್ದರಿಂದ ತಪಾಸಣೆಯನ್ನು ಇಆರ್‌ಎಯಿಂದ ಆರಂಭಿಸಬಾರದು. ಪಿಚರ್‌ನ ಕೈಯಲ್ಲೇ ಇರುವ ಮೂರು ಸಂಗತಿಗಳನ್ನು ಮೊದಲು ನೋಡಬೇಕು: ಆತ ಎಷ್ಟು ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ ಮಾಡಿದ (ಮೂರು ಸ್ಟ್ರೈಕ್‌ಗಳಿಂದ ಔಟ್), ಎಷ್ಟು ಮಂದಿಗೆ ವಾಕ್ ಕೊಟ್ಟ (ನಾಲ್ಕು ಕೆಟ್ಟ ಎಸೆತಗಳಿಂದ ಪುಕ್ಕಟೆಯಾಗಿ ಮೊದಲ ಬೇಸ್), ಎಷ್ಟು ಹೋಮ್‌ರನ್ (ಗೋಡೆ ದಾಟುವ ಹೊಡೆತ) ಹೊಡೆಸಿಕೊಂಡ. ಇವುಗಳಲ್ಲಿಯೂ ಸ್ಟ್ರೈಕ್‌ಔಟ್ ಅಂಕಿ ಬೇಗ ನಂಬಿಕೆಗೆ ಅರ್ಹವಾಗುತ್ತದೆ. ಬ್ಯಾಟಿಗೆ ತಾಗಿದ ಚೆಂಡುಗಳಲ್ಲಿ ಎಷ್ಟು ಹಿಟ್ ಆದವು, ಅಂದರೆ ಬ್ಯಾಟರ್‌ನನ್ನು ಬೇಸ್‌ಗೆ ತಲುಪಿಸಿದವು, ಎಂಬ ಅಂಕಿ ಒಂದೆರಡು ತಿಂಗಳಲ್ಲಿ ಏನನ್ನೂ ಹೇಳುವುದಿಲ್ಲ.

ಈ ಪರೀಕ್ಷೆ ಏಕೆ ಮುಖ್ಯವೆಂಬುದನ್ನು ಫ್ಲಾರಿಡಾ ಮಾರ್ಲಿನ್ಸ್ ತಂಡದ ರಿಕಿ ನೊಲಾಸ್ಕೊ ಅವರ 2009ರ ಋತುವಿನಲ್ಲಿ ಕಾಣಬಹುದು. ಮೇ ತಿಂಗಳ ಹೊತ್ತಿಗೆ ಅವರ ಇಆರ್‌ಎ 9.07 ತಲುಪಿತ್ತು, ತಂಡ ಅವರನ್ನು ಕೆಳಹಂತದ ಲೀಗ್‌ಗೆ ಕಳಿಸಿತು. ಆದರೆ ಅವರು ಮರಳಿ ಬಂದು ಋತು ಮುಗಿಸಿದಾಗ ಲೆಕ್ಕದಲ್ಲಿದ್ದದ್ದು 185 ಇನ್ನಿಂಗ್ಸ್‌ಗಳಲ್ಲಿ 195 ಸ್ಟ್ರೈಕ್‌ಔಟ್, 44 ವಾಕ್. ಇಂಥ ಅನುಪಾತ ಇರುವ ಪಿಚರ್‌ಗೆ ರನ್ ಹೆಚ್ಚು ಬಿದ್ದಿದ್ದರೆ ದೋಷವನ್ನು ಬೇರೆಡೆ ಹುಡುಕಬೇಕು. ನೊಲಾಸ್ಕೊ ಅವರ ವಿಷಯದಲ್ಲಿ ಒಳ್ಳೆಯ ಅನುಪಾತಕ್ಕೂ ಕೊಟ್ಟ ರನ್‌ಗಳಿಗೂ ನಡುವಿನ ಈ ಅಂತರ ಮುಂದಿನ ವರ್ಷಗಳಲ್ಲೂ ಉಳಿದದ್ದರಿಂದ, ಎಲ್ಲವನ್ನೂ ಅದೃಷ್ಟದ ತಲೆಗೆ ಕಟ್ಟುವುದೂ ಸರಿಯಲ್ಲ ಎಂಬ ಎಚ್ಚರಿಕೆಯನ್ನು ಇಲ್ಲೇ ಸೇರಿಸಬೇಕಾಗುತ್ತದೆ.

ಇದೇ ಅಳತೆಗೋಲನ್ನು ಬಮ್‌ಗಾರ್ನರ್ ಅವರಿಗೆ ಹಿಡಿದರೆ ಚಿತ್ರ ಬೇರೆಯೇ ಆಗುತ್ತದೆ. 2016ರಲ್ಲಿ ಜೈಂಟ್ಸ್ ಪರ 226.2 ಇನ್ನಿಂಗ್ಸ್‌ಗಳಲ್ಲಿ 251 ಸ್ಟ್ರೈಕ್‌ಔಟ್ ಪಡೆದಿದ್ದವರು 2022ರಲ್ಲಿ ಅರಿಝೋನಾ ಪರ 158.2 ಇನ್ನಿಂಗ್ಸ್‌ಗಳಲ್ಲಿ ಪಡೆದದ್ದು 112. (ಇಲ್ಲಿ ಚುಕ್ಕೆಯ ನಂತರದ 2 ದಶಮಾಂಶವಲ್ಲ, ಇನ್ನಿಂಗ್ಸ್‌ನ ಮೂರು ಔಟ್‌ಗಳಲ್ಲಿ ಎರಡು ಎಂದು ಓದಿಕೊಳ್ಳಬೇಕು.) 2023ರ ನಾಲ್ಕು ಪಂದ್ಯಗಳಲ್ಲಿ 16.2 ಇನ್ನಿಂಗ್ಸ್ ಎಸೆದು ಅವರು ಪಡೆದ ಸ್ಟ್ರೈಕ್‌ಔಟ್ 10, ಕೊಟ್ಟ ವಾಕ್ 15. ಇಆರ್‌ಎ 10.26 ಎಂಬುದನ್ನು ನೋಡಿ ಬೆಚ್ಚುವ ಅಗತ್ಯವಿಲ್ಲ, ಏಕೆಂದರೆ ನಾಲ್ಕು ಪಂದ್ಯಗಳ ಇಆರ್‌ಎ ಯಾರದ್ದೂ ಹಾಗಾಗಬಹುದು. ಬೆಚ್ಚಬೇಕಾದದ್ದು ಸ್ಟ್ರೈಕ್‌ಔಟ್‌ಗಿಂತ ವಾಕ್ ಹೆಚ್ಚಾದದ್ದಕ್ಕೆ. ಯಾವ ಕ್ಷೇತ್ರರಕ್ಷಕನೂ, ಯಾವ ಗಾಳಿಯೂ ವಾಕ್ ಕೊಡುವುದಿಲ್ಲ.

ಎರಡನೆಯ ಪರೀಕ್ಷೆ: ತೋಳು

ಅಂಕಿಗಳು ನಿಜವೆಂದು ಖಚಿತವಾದ ಮೇಲೆ ಕಾರಣಕ್ಕೆ ಇಳಿಯಬೇಕು, ಮತ್ತು ಮೊದಲ ಸಂಶಯ ಯಾವಾಗಲೂ ದೇಹದ ಮೇಲೆಯೇ ಇರಬೇಕು. ಮೊಣಕೈ ಅಥವಾ ಭುಜದ ಗಾಯ ಮೊದಲು ತೋರುವುದು ನೋವಾಗಿ ಅಲ್ಲ. ಫಾಸ್ಟ್‌ಬಾಲ್‌ನ ವೇಗ ಗಂಟೆಗೆ ಒಂದೆರಡು ಮೈಲಿ ಇಳಿಯುತ್ತದೆ, ಮೂರನೆಯ ಇನ್ನಿಂಗ್ಸ್‌ನ ನಂತರ ಇನ್ನಷ್ಟು ಇಳಿಯುತ್ತದೆ, ಕೈಯಿಂದ ಚೆಂಡು ಬಿಡುವ ಎತ್ತರ ಕ್ರಮೇಣ ತಗ್ಗುತ್ತದೆ, ಚೆಂಡು ಬಂದು ಬೀಳುವ ಜಾಗ ಕ್ಯಾಚರ್ ಹಿಡಿದ ಗ್ಲೌಸ್‌ನಿಂದ ದೂರವಾಗುತ್ತದೆ. 2015ರಿಂದ ಎಲ್ಲ ಮೈದಾನಗಳಲ್ಲೂ ಸ್ಟ್ಯಾಟ್‌ಕ್ಯಾಸ್ಟ್ ವ್ಯವಸ್ಥೆ ಪ್ರತಿ ಎಸೆತದ ವೇಗ, ತಿರುಗುವಿಕೆ, ಬಿಡುಗಡೆಯ ಜಾಗ ಇವನ್ನು ದಾಖಲಿಸುತ್ತಿರುವುದರಿಂದ ಈ ಹೋಲಿಕೆಗೆ ಯಾರ ಅಭಿಪ್ರಾಯವೂ ಬೇಕಿಲ್ಲ. ಆಟಗಾರ ಚೆನ್ನಾಗಿ ಆಡಿದ ತಿಂಗಳ ದಾಖಲೆಯನ್ನೂ ಈಗಿನದನ್ನೂ ಅಕ್ಕಪಕ್ಕ ಇಟ್ಟರೆ ಸಾಕು. ವ್ಯತ್ಯಾಸ ಕಂಡರೆ ಎಂಆರ್‌ಐ, ಅದರ ನಂತರ ಗಾಯಾಳುಗಳ ಪಟ್ಟಿ. ಆರಂಭಿಕ ಪಿಚರ್‌ನ ಹೆಸರು ಆ ಪಟ್ಟಿಗೆ ಹೋದರೆ ಕನಿಷ್ಠ 15 ದಿನ ಅಲ್ಲಿರಬೇಕು, ಮತ್ತು ಅಷ್ಟು ಕಾಲ ಆತನ ಜಾಗದಲ್ಲಿ ಬೇರೊಬ್ಬರನ್ನು ಆಡಿಸಬಹುದು.

ಗಾಯವನ್ನು ಸಂಶಯಿಸದೆ ಆಟಗಾರನನ್ನು ಬಿಟ್ಟ ತಂಡ, ವಾಸಿಯಾದ ಮೇಲೆ ಆತ ಎದುರಾಳಿಯ ಸಮವಸ್ತ್ರದಲ್ಲಿ ಗೆಲ್ಲುವುದನ್ನು ನೋಡಬೇಕಾಗಬಹುದು. ಆದರೆ ಇದರ ಮಗ್ಗುಲೂ ಒಂದಿದೆ: ಗಾಯವಿಲ್ಲದಿದ್ದರೂ ಸವೆತ ಇರುತ್ತದೆ, ಮತ್ತು ಸವೆತಕ್ಕೆ ಶಸ್ತ್ರಚಿಕಿತ್ಸೆ ಇಲ್ಲ. ಬಮ್‌ಗಾರ್ನರ್ 2011ರಿಂದ 2016ರವರೆಗೆ ಸತತ ಆರು ವರ್ಷ, ಪ್ರತಿ ವರ್ಷ 200ಕ್ಕೂ ಹೆಚ್ಚು ಇನ್ನಿಂಗ್ಸ್ ಎಸೆದವರು. 2014ರಲ್ಲಂತೂ ನಾಕ್‌ಔಟ್ ಪಂದ್ಯಗಳನ್ನೂ ಸೇರಿಸಿದರೆ 270. 2017ರ ಏಪ್ರಿಲ್‌ನಲ್ಲಿ ಡರ್ಟ್ ಬೈಕ್‌ನಿಂದ ಬಿದ್ದು ಎಸೆಯುವ ಭುಜಕ್ಕೇ ಪೆಟ್ಟು ಮಾಡಿಕೊಂಡಿದ್ದರು. ಜೈಂಟ್ಸ್‌ನ ಉತ್ತಮ ವರ್ಷಗಳಲ್ಲಿ ಗಂಟೆಗೆ 92–93 ಮೈಲಿ ಇದ್ದ ಫಾಸ್ಟ್‌ಬಾಲ್ ಅರಿಝೋನಾದ ಮೊದಲ ಋತುವಿನಲ್ಲೇ 90ರ ಕೆಳಗೆ ಇಳಿಯಿತು. 2020ರಲ್ಲಿ ಬೆನ್ನು, 2021ರಲ್ಲಿ ಭುಜದ ಉರಿಯೂತ ಎಂದು ಪಟ್ಟಿಗೆ ಹೋಗಿ ಬಂದ ಮೇಲೂ ಹಳೆಯ ವೇಗ ಪೂರ್ತಿಯಾಗಿ ಮರಳಲಿಲ್ಲ. ಮೂರು ಋತುಗಳ ಕಾಲ, ವಿಶ್ರಾಂತಿಯ ನಂತರವೂ, ಅದೇ ಕುಸಿತ ಕಂಡರೆ ಅದನ್ನು ಗಾಯದ ಲೆಕ್ಕಕ್ಕೆ ಹಾಕುವುದು ಆಡಳಿತ ತನಗೆ ತಾನೇ ಹೇಳಿಕೊಳ್ಳುವ ಸಮಾಧಾನವಷ್ಟೇ.

ಸರಿಪಡಿಸಬಹುದಾದ ದೋಷಗಳು

ತೋಳು ನೆಟ್ಟಗಿದ್ದೂ ಪಿಚರ್ ಹೊಡೆಸಿಕೊಳ್ಳುತ್ತಿದ್ದರೆ ಕೆಲವು ಅಗ್ಗದ ಕಾರಣಗಳನ್ನು ಹುಡುಕಬೇಕು. ಅತ್ಯಂತ ಅಗ್ಗದ್ದು, ಮುಂದಿನ ಎಸೆತ ಯಾವುದೆಂದು ಪಿಚರ್ ತನಗೆ ಅರಿವಿಲ್ಲದೆಯೇ ತಿಳಿಸಿಬಿಡುವುದು. 2019ರ ಅಕ್ಟೋಬರ್‌ನಲ್ಲಿ ಟ್ಯಾಂಪಾ ಬೇ ರೇಸ್‌ನ ಟೈಲರ್ ಗ್ಲಾಸ್‌ನೊ ಹ್ಯೂಸ್ಟನ್ ವಿರುದ್ಧದ ನಿರ್ಣಾಯಕ ಪಂದ್ಯದ ಮೊದಲ ಇನ್ನಿಂಗ್ಸ್‌ನಲ್ಲೇ ನಾಲ್ಕು ರನ್ ಕೊಟ್ಟರು. ಫಾಸ್ಟ್‌ಬಾಲ್‌ಗೆ ಒಂದು ಎತ್ತರದಲ್ಲಿ, ತಿರುವಿನ ಎಸೆತವಾದ ಕರ್ವ್‌ಗೆ ಇನ್ನೊಂದು ಎತ್ತರದಲ್ಲಿ ಗ್ಲೌಸ್ ನಿಲ್ಲುತ್ತಿದ್ದುದು ವಿಡಿಯೊದಲ್ಲಿ ಎದ್ದು ಕಾಣುತ್ತಿತ್ತು, ಅವರೂ ಅದನ್ನು ಒಪ್ಪಿಕೊಂಡರು. ವೇಗ, ತಿರುವು ಎಲ್ಲ ಸರಿಯಿದ್ದೂ ಬ್ಯಾಟರ್‌ಗಳು ಕೆಟ್ಟ ಚೆಂಡುಗಳಿಗೆ ಬ್ಯಾಟು ಬೀಸುವುದನ್ನೇ ನಿಲ್ಲಿಸಿದ್ದರೆ ಮೊದಲು ಕೂರಬೇಕಾದದ್ದು ವಿಡಿಯೊ ಕೋಣೆಯಲ್ಲಿ.

ಮೈದಾನವೂ ಕಾರಣವಾಗಬಹುದು. ಕೊಲರಾಡೊ ರಾಕೀಸ್ 2000ದ ಡಿಸೆಂಬರ್‌ನಲ್ಲಿ ಮೈಕ್ ಹ್ಯಾಂಪ್ಟನ್ ಅವರಿಗೆ ಎಂಟು ವರ್ಷಗಳಿಗೆ 12.1 ಕೋಟಿ ಡಾಲರ್ ಕೊಟ್ಟಿತು. ಡೆನ್ವರ್ ಇರುವುದು ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿ. ತೆಳುಗಾಳಿಯಲ್ಲಿ ಚೆಂಡು ಕಡಿಮೆ ತಿರುಗುತ್ತದೆ, ಹೆಚ್ಚು ದೂರ ಹಾರುತ್ತದೆ. ಅಲ್ಲಿ ಅವರ ಇಆರ್‌ಎ ಮೊದಲ ವರ್ಷ 5.41, ಎರಡನೆಯ ವರ್ಷ 6.15. ರಾಕೀಸ್ ಅವರನ್ನು ಬಿಡಲಿಲ್ಲ, ವಿನಿಮಯದಲ್ಲಿ ಕಳಿಸಿತು. 2003ರಲ್ಲಿ ಅಟ್ಲಾಂಟಾದಲ್ಲಿ ಅವರು 14 ಗೆಲುವು, 3.84 ಇಆರ್‌ಎಯೊಂದಿಗೆ ಮತ್ತೆ ಪಿಚರ್ ಆದರು. ಇಲ್ಲಿ ಕೆಟ್ಟಿದ್ದದ್ದು ಪಿಚರ್ ಮತ್ತು ಮೈದಾನದ ಜೋಡಣೆ. ಬಮ್‌ಗಾರ್ನರ್ ಪ್ರಕರಣದಲ್ಲಿ ಇದರ ತಿರುಗುಮುರುಗು ಕಾಣುತ್ತದೆ: ಜೈಂಟ್ಸ್‌ನ ಕೊನೆಯ ವರ್ಷವಾದ 2019ರಲ್ಲಿ, ಕೊಲ್ಲಿಯ ತಣ್ಣನೆಯ ಗಾಳಿಯ ಆ ತವರು ಮೈದಾನದಲ್ಲಿ ಅವರ ಇಆರ್‌ಎ 3ಕ್ಕಿಂತ ಕಡಿಮೆ, ಹೊರಗಿನ ಮೈದಾನಗಳಲ್ಲಿ 5ಕ್ಕಿಂತ ಹೆಚ್ಚು. ಕರಾರಿಗೆ ಸಹಿ ಬೀಳುವ ಮೊದಲೇ ಈ ಅಂಕಿ ಎಲ್ಲರ ಕಣ್ಣೆದುರು ಇತ್ತು.

ಮೂರನೆಯ ಕಾರಣ ಕೆಲಸದ ಸ್ವರೂಪ. ಆರಂಭಿಕ ಪಿಚರ್ ಒಂದೇ ಬ್ಯಾಟರ್‌ನನ್ನು ಒಂದೇ ಪಂದ್ಯದಲ್ಲಿ ಮೂರು ಬಾರಿ ಎದುರಿಸಬೇಕು, ಮತ್ತು ಮೂರನೆಯ ಸುತ್ತಿಗೆ ಹೆಚ್ಚಿನ ಪಿಚರ್‌ಗಳು ಓದಿ ಮುಗಿಸಿದ ಪುಸ್ತಕವಾಗಿರುತ್ತಾರೆ. ಮೊದಲ ಸುತ್ತಿನಲ್ಲಿ ಚೆನ್ನಾಗಿದ್ದು ಆಮೇಲೆ ಕುಸಿಯುವವರನ್ನು ಬುಲ್‌ಪೆನ್‌ಗೆ ಕಳಿಸಿ ನೋಡದೆ ಬಿಡಬಾರದು. ಇದಕ್ಕೆ ನ್ಯೂಯಾರ್ಕ್ ಮೆಟ್ಸ್‌ನ ಒಲಿವರ್ ಪೆರೆಸ್ ಅವರಿಗಿಂತ ದುಬಾರಿಯಾದ ಪಾಠವಿಲ್ಲ. ಮೂರು ವರ್ಷಗಳ 3.6 ಕೋಟಿ ಡಾಲರ್ ಕರಾರಿನ ಎರಡನೆಯ ವರ್ಷ, 2010ರಲ್ಲಿ, ಸರದಿಯಿಂದ ತೆಗೆದ ತಂಡ ಅವರನ್ನು ಕೆಳಹಂತದ ಲೀಗ್‌ಗೆ ಹೋಗಲು ಕೇಳಿತು. ಐದು ವರ್ಷ ಸೇವೆ ಮುಗಿಸಿದ ಆಟಗಾರನಿಗೆ ಅದನ್ನು ನಿರಾಕರಿಸುವ ಹಕ್ಕಿದೆ, ಅವರು ನಿರಾಕರಿಸಿದರು. ಹಾಗೆಂದು ತಂಡ ಅವರನ್ನು ಬಿಡಲೂ ಇಲ್ಲ, ಆಡಿಸಲೂ ಇಲ್ಲ. ತಿಂಗಳುಗಟ್ಟಲೆ ಬುಲ್‌ಪೆನ್‌ನಲ್ಲಿ ಸುಮ್ಮನೆ ಕೂರಿಸಿತು. ಋತುವಿನ ಕೊನೆಯ ಪಂದ್ಯದ ಹದಿನಾಲ್ಕನೆಯ ಇನ್ನಿಂಗ್ಸ್‌ನಲ್ಲಿ, ಬೇರೆ ಯಾರೂ ಉಳಿಯದಿದ್ದಾಗ, ಅವರನ್ನು ಕರೆದರು: ಒಬ್ಬ ಬ್ಯಾಟರ್‌ನ ಮೈಗೆ ಚೆಂಡು, ಮೂವರಿಗೆ ವಾಕ್, ವಾಷಿಂಗ್‌ಟನ್‌ಗೆ ಗೆಲುವಿನ ರನ್. ಮರುವರ್ಷ ಮಾರ್ಚ್‌ನಲ್ಲಿ 1.2 ಕೋಟಿ ಡಾಲರ್ ಬಾಕಿಯಿರುವಾಗಲೇ ಮೆಟ್ಸ್ ಅವರನ್ನು ಬಿಟ್ಟಿತು. ಅದೇ ಪೆರೆಸ್ 2012ರಲ್ಲಿ ಸಿಯಾಟಲ್‌ನಲ್ಲಿ ಬುಲ್‌ಪೆನ್ ಪಿಚರ್ ಆಗಿ 2.12 ಇಆರ್‌ಎಯೊಂದಿಗೆ ಮರಳಿ, 2022ರವರೆಗೂ ಮೇಜರ್ ಲೀಗ್‌ನಲ್ಲಿ ಆಡಿದರು. ಒಂದೆರಡು ಬ್ಯಾಟರ್‌ಗಳಿಗಷ್ಟೇ ಎಸೆಯುವ ಕೆಲಸಕ್ಕೆ ಅವರು ಹೇಳಿಮಾಡಿಸಿದಂತಿದ್ದರು. ಆ ಕೆಲಸವನ್ನು ಮೆಟ್ಸ್ ಮನಸ್ಸಿಟ್ಟು ಕೊಟ್ಟು ನೋಡಲೇ ಇಲ್ಲ.

ಹಣದ ಲೆಕ್ಕ

ಮೇಲಿನ ಪರೀಕ್ಷೆಗಳೆಲ್ಲ ಮುಗಿದು, ದೋಷ ಪಿಚರ್‌ನಲ್ಲೇ ಇದೆ, ಸರಿಹೋಗುವ ಲಕ್ಷಣವಿಲ್ಲ ಎಂದು ತೀರ್ಮಾನವಾದರೂ, ಬಹಳಷ್ಟು ತಂಡಗಳು ಇಲ್ಲಿಯೇ ನಿಂತುಬಿಡುತ್ತವೆ. ಇಷ್ಟು ಹಣ ಕೊಟ್ಟಿದ್ದೇವೆ, ಬಿಟ್ಟರೆ ಎಲ್ಲ ನೀರಲ್ಲಿ ಹೋಮ ಎಂಬುದು ಅವುಗಳ ವಾದ. ಐಪಿಎಲ್ ನೋಡುವವರಿಗೆ ಈ ಹಿಂಜರಿಕೆ ವಿಚಿತ್ರವಾಗಿ ಕಾಣಬಹುದು, ಏಕೆಂದರೆ ಅಲ್ಲಿ ಹರಾಜಿಗೆ ಮುನ್ನ ಆಟಗಾರನನ್ನು ಬಿಟ್ಟುಕೊಟ್ಟರೆ ಆ ಮೊತ್ತ ಫ್ರಾಂಚೈಸಿಯ ಥೈಲಿಗೆ ಮರಳುತ್ತದೆ. ಮೇಜರ್ ಲೀಗ್‌ನ ಇಂಥ ಕರಾರುಗಳು ಖಾತರಿಯವು. ಆಟಗಾರನನ್ನು ಇಟ್ಟುಕೊಂಡರೂ ಬಿಟ್ಟರೂ ಕೊನೆಯ ಡಾಲರ್‌ವರೆಗೆ ಕೊಡಲೇಬೇಕು. ಐಷಾರಾಮಿ ತೆರಿಗೆಯ (ಒಟ್ಟು ಸಂಬಳ ಮಿತಿ ಮೀರಿದ ತಂಡ ಲೀಗ್‌ಗೆ ಕಟ್ಟುವ ದಂಡ) ಲೆಕ್ಕದಲ್ಲೂ ಆ ಕರಾರಿನ ವಾರ್ಷಿಕ ಸರಾಸರಿ ಹಾಗೆಯೇ ಉಳಿಯುತ್ತದೆ.

ಈ ಖಾತರಿಯೇ ಬಿಡುವ ನಿರ್ಧಾರವನ್ನು ಸುಲಭಗೊಳಿಸುತ್ತದೆ, ಆದರೆ ಇದನ್ನು ಆಡಳಿತಗಳು ತಲೆಕೆಳಗಾಗಿ ಓದುತ್ತವೆ. 3.4 ಕೋಟಿ ಡಾಲರ್ ಎರಡೂ ದಾರಿಗಳಲ್ಲಿ ಹೋಗುವುದಾದರೆ ಅದನ್ನು ಲೆಕ್ಕದ ಎರಡೂ ಬದಿಯಿಂದ ಅಳಿಸಿಬಿಡಬಹುದು. ಉಳಿಯುವುದು ಒಂದು ಪ್ರಶ್ನೆ: ನಾಳೆಯಿಂದ ಪ್ರತಿ ಐದನೆಯ ದಿನ ಯಾರು ಕಡಿಮೆ ರನ್ ಕೊಡುತ್ತಾರೆ? ಪಂದ್ಯಕ್ಕೆ ಲಭ್ಯರಿರುವ 26 ಜನರ ಪಟ್ಟಿಯಲ್ಲಿ ಪಿಚರ್‌ಗಳಿಗೆ ಇರುವ ಮಿತಿ 13. ಆ ಹದಿಮೂರರಲ್ಲಿ ಒಂದು ಜಾಗವನ್ನು ಕೆಟ್ಟ ಪಿಚರ್ ಹಿಡಿದಿರುವುದೇ ನಿಜವಾದ ಖರ್ಚು. ಕೆಳಹಂತದ ಲೀಗ್‌ನಿಂದ ಬರುವ ಹುಡುಗನಿಗೆ 2023ರ ಕನಿಷ್ಠ ಸಂಬಳ 7.2 ಲಕ್ಷ ಡಾಲರ್. ಆತ ಅದ್ಭುತವಾಗಿರಬೇಕಿಲ್ಲ. ಹಳಬ ಒಂಬತ್ತು ಇನ್ನಿಂಗ್ಸ್‌ಗೆ ಆರು ರನ್ ಕೊಡುವಲ್ಲಿ ಹೊಸಬ ಐದು ಕೊಟ್ಟರೂ, ಉಳಿದ 150 ಇನ್ನಿಂಗ್ಸ್‌ಗಳಿಗೆ ಸುಮಾರು 17 ರನ್ ಉಳಿಯುತ್ತವೆ. ಹತ್ತು ರನ್‌ಗೆ ಒಂದು ಗೆಲುವು ಎಂಬ ಬೇಸ್‌ಬಾಲ್‌ನ ಸ್ಥೂಲ ಲೆಕ್ಕದಲ್ಲಿ ಅದು ಒಂದೂವರೆ ಗೆಲುವಿಗೂ ಮಿಗಿಲು. 2023ರಲ್ಲಿ ಅರಿಝೋನಾ 84 ಪಂದ್ಯ ಗೆದ್ದು ನ್ಯಾಷನಲ್ ಲೀಗ್‌ನ ಕೊನೆಯ ಪ್ಲೇಆಫ್ ಸ್ಥಾನ ಪಡೆಯಿತು, 83 ಗೆದ್ದ ಷಿಕಾಗೊ ಕಬ್ಸ್ ಮನೆಗೆ ಹೋಯಿತು. ಆ ಒಂದು ಗೆಲುವು ಬಮ್‌ಗಾರ್ನರ್ ಜಾಗದಿಂದಲೇ ಬಂತೆಂದು ಹೇಳಲಾಗದು. ಆದರೆ ಮುಂದೆ ವರ್ಲ್ಡ್ ಸೀರೀಸ್‌ವರೆಗೂ ಹೋದ ತಂಡ ಏಪ್ರಿಲ್‌ನಲ್ಲಿ ಎಷ್ಟು ಸಣ್ಣ ಅಂತರದ ಮೇಲೆ ನಿಂತಿತ್ತು ಎಂಬುದನ್ನು ಅದು ತೋರಿಸುತ್ತದೆ.

ಈ ಲೆಕ್ಕಕ್ಕೆ ಒಂದು ಅಪವಾದವಿದೆ, ಮತ್ತು ಕರಾರಿನ ಸಣ್ಣಕ್ಷರಗಳನ್ನು ಓದದವರು ಇಲ್ಲಿ ಎಡವುತ್ತಾರೆ. ಕೆಲವು ಕರಾರುಗಳಲ್ಲಿ ಮುಂದಿನ ವರ್ಷದ ಸಂಬಳ ಈ ವರ್ಷ ಆರಂಭಿಸಿದ ಪಂದ್ಯಗಳ ಸಂಖ್ಯೆಯ ಮೇಲೆ ನಿಂತಿರುತ್ತದೆ. 2023ರ ವರ್ಲ್ಡ್ ಸೀರೀಸ್‌ನಲ್ಲಿ ತನ್ನನ್ನು ಸೋಲಿಸಿದ ಟೆಕ್ಸಸ್ ತಂಡದಲ್ಲಿದ್ದ ಜೋರ್ಡನ್ ಮಾಂಟ್‌ಗೊಮರಿ ಅವರನ್ನು ಅರಿಝೋನಾ ಮರುವರ್ಷ ಮಾರ್ಚ್‌ನಲ್ಲಿ 2.5 ಕೋಟಿ ಡಾಲರ್‌ಗೆ ಕರೆತಂದಾಗ, 2025ರಲ್ಲಿ ಉಳಿಯುವ ಆಯ್ಕೆ ಆಟಗಾರನದ್ದೇ ಆಗಿತ್ತು: ಹತ್ತು ಪಂದ್ಯ ಆರಂಭಿಸಿದರೆ ಆ ಮೊತ್ತ 2 ಕೋಟಿ, ಹದಿನೆಂಟಾದರೆ 2.25 ಕೋಟಿ, ಇಪ್ಪತ್ತಮೂರಾದರೆ 2.5 ಕೋಟಿ. ಅವರ ಇಆರ್‌ಎ 6.23 ಆಯಿತು, ತಂಡ ಅವರನ್ನು ಬುಲ್‌ಪೆನ್‌ಗೆ ಕಳಿಸುವ ಹೊತ್ತಿಗೆ ಹದಿನೆಂಟರ ಗೆರೆ ದಾಟಿತ್ತು. ಇಂಥ ಕರಾರಿನಲ್ಲಿ ಪ್ರತಿ ಆರಂಭವೂ ಹೊಸ ಹಣ, ಆದ್ದರಿಂದ ತಪಾಸಣೆ ಮೇ ತಿಂಗಳಲ್ಲೇ ಆಗಬೇಕು. ಹಾಗೆಂದು ಹಣ ಉಳಿಸಲೆಂದೇ ಆಟಗಾರನನ್ನು ಕೂರಿಸಿದರೆ ಆಟಗಾರರ ಸಂಘದ ದೂರು ಎದುರಿಸಬೇಕಾಗುತ್ತದೆ. ಕೂರಿಸಲು ಆಟದ ಕಾರಣ ಕಾಗದದ ಮೇಲಿರಬೇಕು.

ಬಿಡುವ ಕ್ರಮ

ಕ್ರಮ ಚಿಕ್ಕದು. ಮೊದಲು ಡಿಎಫ್‌ಎ, ಅಂದರೆ ಆಟಗಾರನ ಹೆಸರು, ಆ 26 ಜನರನ್ನೂ ಒಳಗೊಂಡ 40 ಜನರ ದೊಡ್ಡ ಪಟ್ಟಿಯಿಂದ ಆ ಕ್ಷಣವೇ ಹೊರಬೀಳುತ್ತದೆ ಮತ್ತು ಮುಂದೇನೆಂದು ನಿರ್ಧರಿಸಲು ತಂಡಕ್ಕೆ ಏಳು ದಿನ ಸಿಗುತ್ತವೆ. ಆ ಏಳು ದಿನಗಳಲ್ಲಿ ಯಾವುದಾದರೂ ತಂಡ ವಿನಿಮಯಕ್ಕೆ ಬರಬಹುದು. 2018ರ ಮೇ ತಿಂಗಳಲ್ಲಿ ಮೆಟ್ಸ್ ಹೀಗೆ ಹೊರಗಿಟ್ಟ ಮ್ಯಾಟ್ ಹಾರ್ವಿ ಅವರನ್ನು ಸಿನ್ಸಿನಾಟಿ ಪಡೆದುಕೊಂಡು ಬದಲಿಗೆ ಕ್ಯಾಚರ್ ಡೆವಿನ್ ಮೆಸೊರಾಕೊ ಅವರನ್ನು ಕೊಟ್ಟಿತ್ತು. ಹಾರ್ವಿ ಅವರ ಕರಾರು ಆ ಒಂದು ವರ್ಷದ್ದು ಮಾತ್ರ ಎಂಬುದನ್ನು ಗಮನಿಸಬೇಕು. ವೇವರ್ಸ್ ಮೂಲಕ, ಅಂದರೆ ಹೊರಗಿಟ್ಟ ಆಟಗಾರನನ್ನು ಇತರ ತಂಡಗಳು ಕೋರಿ ಪಡೆಯುವ ವ್ಯವಸ್ಥೆಯ ಮೂಲಕ, ಆಟಗಾರನನ್ನು ಎತ್ತಿಕೊಂಡ ತಂಡ ಇಡೀ ಕರಾರನ್ನೂ ಎತ್ತಿಕೊಳ್ಳಬೇಕಾದ್ದರಿಂದ, ಕೋಟಿಗಟ್ಟಲೆ ಬಾಕಿ ಇರುವ ಪಿಚರ್‌ಗೆ ಯಾರೂ ಕೈಚಾಚುವುದಿಲ್ಲ. ಕೊನೆಗೆ ಬಿಡುಗಡೆ. ಬಮ್‌ಗಾರ್ನರ್ ಏಪ್ರಿಲ್ 26ರಂದು ಬಿಡುಗಡೆಯಾದರು. ಹೀಗೆ ಮುಕ್ತರಾದವರನ್ನು ಬೇರೆ ತಂಡ ಕನಿಷ್ಠ ಸಂಬಳಕ್ಕೆ ಸೇರಿಸಿಕೊಳ್ಳಬಹುದು. ಆ ಕನಿಷ್ಠ ಮೊತ್ತವಷ್ಟೇ ಹಳೆಯ ತಂಡದ ಬಾಕಿಯಲ್ಲಿ ಕಡಿತವಾಗುತ್ತದೆ.

ಬಿಡದೆ ಇರುವುದೇ ಸರಿಯಾದಾಗ

ಜಾಗದ ಬೆಲೆ ಎಲ್ಲ ತಂಡಗಳಿಗೂ ಒಂದೇ ಅಲ್ಲ. ವಾಷಿಂಗ್‌ಟನ್ ನ್ಯಾಷನಲ್ಸ್ ಪ್ಯಾಟ್ರಿಕ್ ಕಾರ್ಬಿನ್ ಅವರಿಗೆ ಆರು ವರ್ಷಗಳಿಗೆ 14 ಕೋಟಿ ಡಾಲರ್ ಕೊಟ್ಟಿತ್ತು. ಮೊದಲ ವರ್ಷ, 2019ರಲ್ಲಿ, ವರ್ಲ್ಡ್ ಸೀರೀಸ್‌ನ ಏಳನೆಯ ಪಂದ್ಯದಲ್ಲಿ ಮೂರು ಇನ್ನಿಂಗ್ಸ್ ರನ್ ಕೊಡದೆ ಎಸೆದು ಅವರು ಆ ಪಂದ್ಯ ಗೆದ್ದುಕೊಟ್ಟರು. 2022ರಲ್ಲಿ 19 ಸೋಲು, 6.31 ಇಆರ್‌ಎ. ಆದರೂ ತಂಡ ಅವರನ್ನು ಕರಾರು ಮುಗಿಯುವವರೆಗೂ ಆಡಿಸಿತು, ಮತ್ತು ಅದು ಮೂರ್ಖತನವಾಗಿರಲಿಲ್ಲ. ಆ ವರ್ಷ 107 ಪಂದ್ಯ ಸೋತ ತಂಡಕ್ಕೆ ಒಂದೆರಡು ಗೆಲುವು ಹೆಚ್ಚಾದರೇನು, ಕಡಿಮೆಯಾದರೇನು? ತಪ್ಪದೆ ಪ್ರತಿ ಐದನೆಯ ದಿನ ಪಿಚರ್ ನಿಂತು ಎಸೆಯುವ ದಿಬ್ಬಕ್ಕೆ ಹತ್ತಿ, ವರ್ಷಕ್ಕೆ ಮೂವತ್ತಕ್ಕೂ ಹೆಚ್ಚು ಪಂದ್ಯ ಆರಂಭಿಸಿ, ಎಳೆಯ ತೋಳುಗಳನ್ನು ಅವಧಿಗೆ ಮುನ್ನ ಸವೆಸದಂತೆ ಕಾಯುವವರೊಬ್ಬರು ಅಂಥ ತಂಡಕ್ಕೆ ಬೇಕಾಗುತ್ತಾರೆ.

ಬ್ಯಾರಿ ಝೀಟೊ ಅವರನ್ನು ಉದಾಹರಿಸುವವರು ಇನ್ನೊಂದು ವಾದ ತರುತ್ತಾರೆ. ಜೈಂಟ್ಸ್ ಏಳು ವರ್ಷಗಳಿಗೆ 12.6 ಕೋಟಿ ಡಾಲರ್ ಕೊಟ್ಟು ತಂದ ಝೀಟೊ ಎಷ್ಟು ನಿರಾಸೆ ಮಾಡಿದರೆಂದರೆ, 2010ರ ಪ್ಲೇಆಫ್ ಪಟ್ಟಿಯಲ್ಲಿ ಅವರಿಗೆ ಜಾಗವೇ ಇರಲಿಲ್ಲ. ಆದರೂ ತಂಡ ಬಿಡಲಿಲ್ಲ. 2012ರಲ್ಲಿ ಸೇಂಟ್ ಲೂಯಿಸ್ ವಿರುದ್ಧ 3–1ರಿಂದ ಹಿಂದಿದ್ದಾಗ ಅವರು ಎಂಟನೆಯ ಇನ್ನಿಂಗ್ಸ್‌ವರೆಗೆ ರನ್ ಕೊಡದೆ ಎಸೆದು ಸರಣಿಯನ್ನು ಉಳಿಸಿದರು, ಆಮೇಲೆ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯವನ್ನೂ ಗೆದ್ದರು. ತಾಳಿದವನು ಬಾಳಿಯಾನು ಎಂದು ಇದನ್ನು ಓದುವುದು ಸುಲಭ. ಆದರೆ ಆ ವರ್ಷ ಝೀಟೊ 184 ಇನ್ನಿಂಗ್ಸ್ ಎಸೆದು 4.15 ಇಆರ್‌ಎ ಹೊಂದಿದ್ದರು, 15 ಪಂದ್ಯ ಗೆದ್ದಿದ್ದರು. ಅವರ ಸಂಬಳಕ್ಕೆ ಅದು ಸಾಲದಿದ್ದರೂ ಕೆಳಹಂತದಿಂದ ಬರುವ ಹುಡುಗನಿಗಿಂತ ಅದು ಒಳ್ಳೆಯದೇ. ಹಣದ ಅಂಕಣವನ್ನು ಅಳಿಸಿ ನೋಡಿದಾಗ ಅವರು ಪರೀಕ್ಷೆಯಲ್ಲಿ ಪಾಸಾಗುತ್ತಿದ್ದರು. ಆದ್ದರಿಂದ ಉಳಿದರು ಎಂಬುದೇ ಸರಿಯಾದ ವಿವರಣೆ.

ಬಿಟ್ಟ ಮೇಲಿನ ಪರಿಶೀಲನೆ

ನಿರ್ಣಯ ಸರಿಯಿತ್ತೇ ಎಂಬುದನ್ನು ಬಿಟ್ಟ ಆಟಗಾರನ ಮುಂದಿನ ಆಟದಿಂದ ಪರೀಕ್ಷಿಸಬಹುದು. 2022ರ ಮೇ ತಿಂಗಳಲ್ಲಿ 7.88 ಇಆರ್‌ಎ ಇದ್ದಾಗ ಷಿಕಾಗೊ ವೈಟ್ ಸಾಕ್ಸ್ ಡಾಲಸ್ ಕೈಕೆಲ್ ಅವರನ್ನು ಹೊರಗಿಟ್ಟಿತು. ಅದೇ ವರ್ಷ ಅರಿಝೋನಾ, ಆಮೇಲೆ ಟೆಕ್ಸಸ್ ಅವರಿಗೆ ಅವಕಾಶ ಕೊಟ್ಟವು. ಎರಡೂ ಕಡೆ ಇಆರ್‌ಎ ಇನ್ನಷ್ಟು ಏರಿತು. ಬಮ್‌ಗಾರ್ನರ್ ಆಮೇಲೆ ಮೇಜರ್ ಲೀಗ್‌ನಲ್ಲಿ ಎಸೆಯಲೇ ಇಲ್ಲ. ಈ ಎರಡು ಪ್ರಕರಣಗಳಲ್ಲಿ ತಪಾಸಣೆ ಸರಿಯಿತ್ತು; ಪೆರೆಸ್ ಪ್ರಕರಣದಲ್ಲಿ ಅರ್ಧ ಮಾತ್ರ.

ಇನ್ನೊಂದು ಪರಿಶೀಲನೆ ತಂಡದ್ದೇ ಕಡತದಲ್ಲಿ ನಡೆಯಬೇಕು, ಮತ್ತು ಅರಿಝೋನಾದ ಕಡತ ಇದಕ್ಕೆ ತಕ್ಕಷ್ಟು ದಪ್ಪವಿದೆ. 2006ರ ಜೂನ್‌ನಲ್ಲೇ ಅದು ರಸ್ ಆರ್ಟಿಸ್ ಅವರನ್ನು, ನಾಲ್ಕು ವರ್ಷಗಳ 3.3 ಕೋಟಿ ಡಾಲರ್ ಕರಾರಿನಲ್ಲಿ ಸುಮಾರು 2.2 ಕೋಟಿ ಬಾಕಿಯಿರುವಾಗ, ಇದೇ ರೀತಿ ಬಿಟ್ಟಿತ್ತು. ಮಾಂಟ್‌ಗೊಮರಿ ವಿಷಯದಲ್ಲಿ ತಂಡದ ಮಾಲೀಕ ಕೆನ್ ಕೆಂಡ್ರಿಕ್ 2024ರ ಋತು ಮುಗಿದ ಕೂಡಲೇ ಆ ಕರಾರು ತಮ್ಮದೇ ಒತ್ತಾಯದಿಂದ ಆದದ್ದೆಂದು ಬಹಿರಂಗವಾಗಿ ಹೇಳಿದರು. ಮಾಂಟ್‌ಗೊಮರಿ 2.25 ಕೋಟಿಯ ಆಯ್ಕೆಯನ್ನು ಬಳಸಿಕೊಂಡು ಉಳಿದರು, 2025ರ ವಸಂತದಲ್ಲಿ ಮೊಣಕೈಗೆ ಟಾಮಿ ಜಾನ್ ಶಸ್ತ್ರಚಿಕಿತ್ಸೆಗೆ ಒಳಗಾದರು. ಆಗ ಅವರನ್ನು ಬಿಡುವುದರಿಂದ ಲಾಭವೇನೂ ಇರಲಿಲ್ಲ, ಏಕೆಂದರೆ 60 ದಿನಗಳ ಗಾಯಾಳುಗಳ ಪಟ್ಟಿಗೆ ಹೋದ ಆಟಗಾರ 40ರ ಪಟ್ಟಿಯಲ್ಲಿ ಜಾಗ ಹಿಡಿಯುವುದಿಲ್ಲ. ಜುಲೈನಲ್ಲಿ ತಂಡ ಅವರನ್ನು ಶೆಲ್ಬಿ ಮಿಲ್ಲರ್ ಜೊತೆ ವಿನಿಮಯದಲ್ಲಿ ಮಿಲ್ವಾಕಿಗೆ ಕಳಿಸಿತು.